ಫುಮಿ ಸಾನ್ ಕೊಟ್ಟ ಮನೆ

ಯೋಕೋಹಾಮಾ ಬಿಟ್ಟು ಜಪಾನಿನ ದಕ್ಷಿಣ ತುದಿಯ ಕಾಗೋಶಿಮಾಕ್ಕೆ ಬಂದಾಗ ಯಾಮಿನಿ ಬಸುರಿ. ಗಂಡ ಶ್ರೀಪಾದನಿಗೆ ಅಲ್ಲೊಂದು ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಬಾಡಿಗೆ ಮನೆ ಹುಡುಕುತ್ತ ಹೊರಟ ಇಬ್ಬರೂ ಸಮುದ್ರದ ದಾರಿಯ ಒಂದು ಹಳೆಯ ಮರದ ಮನೆಯ ಮುಂದೆ ನಿಂತುಬಿಟ್ಟರು. ಸಾಮುರಾಯ್ ಮನೆತನದವರು ನೂರೈವತ್ತು ವರ್ಷದ ಹಿಂದೆ ಕಟ್ಟಿಸಿದ್ದಂತೆ. ಆ ಮನೆತನದ ಕೊನೆಯ ಸೊಸೆ ಫುಮಿ ಸಾನ್‌ಗೆ ಮಕ್ಕಳಿರಲಿಲ್ಲ. ಗಂಡ ಹೋದ ಮೇಲೆ ಮನೆಯ ಹಿಂಭಾಗದ ಎರಡು ಕೋಣೆಯಲ್ಲಿದ್ದರು.

ಯಾಮಿನಿಯ ಹೊಟ್ಟೆ ನೋಡಿ ಅವರು ಹೇಳಿದರು: "ಈ ಮನೆಯಲ್ಲಿ ಮಗುವಿನ ಅಳು ಕೇಳಿ ಎಷ್ಟೋ ಕಾಲವಾಯಿತು. ಬಾಡಿಗೆಗಲ್ಲ, ನೀವೇ ತೆಗೆದುಕೊಳ್ಳಿ."

ಅನು ಹುಟ್ಟಿದಳು. ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವುದನ್ನು ಫುಮಿ ಸಾನ್ ಯಾಮಿನಿಯಿಂದ ಕಲಿತರು. ಅವರನ್ನು ಅನು 'ಒಬಾಚಾನ್' ಎಂದಳು, ಅಜ್ಜಿ ಎಂದು. ಶ್ರೀಪಾದ ಪ್ರತಿ ಭಾನುವಾರ ಒಂದಲ್ಲ ಒಂದು ಕಡೆ ರಿಪೇರಿ ಹಚ್ಚಿಕೊಳ್ಳುತ್ತಿದ್ದ. "ರೀ, ಸಾಕು ಇಳೀರಿ, ಊಟ ಆರ್ತಾ ಇದೆ" ಎಂದು ಯಾಮಿನಿ ಏಣಿಯ ಕೆಳಗೆ ನಿಂತು ಕೂಗುವುದು ಅಕ್ಕಪಕ್ಕದವರಿಗೂ ರೂಢಿಯಾಗಿತ್ತು.

ಅನುಗೆ ಹತ್ತು ತುಂಬಿದ ವರ್ಷ, ಒಂದು ಬೆಳಿಗ್ಗೆ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಶ್ರೀಪಾದ ಎದೆ ಹಿಡಿದುಕೊಂಡು ಹಾಗೇ ವಾಲಿದ. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾಮಿನಿ ಅಳಲಿಲ್ಲ. ಮಗುವನ್ನು ಸ್ಮಶಾನಕ್ಕೂ ಕರೆದೊಯ್ಯಲಿಲ್ಲ.

ಎರಡು ವರ್ಷದ ನಂತರ ಬಂದ ಚಂಡಮಾರುತ ಅರ್ಧ ಮಾಡನ್ನೇ ಹಾರಿಸಿಕೊಂಡು ಹೋಯಿತು. ಕಂಬಗಳು ವಾಲಿದವು. ನೋಡಲು ಬಂದ ಎಂಜಿನಿಯರ್ ಇದು ಇನ್ನು ನಿಲ್ಲುವುದಿಲ್ಲ ಎಂದು ತಲೆಯಾಡಿಸಿದ. ಫುಮಿ ಸಾನ್‌ಗೆ ಹೇಗೆ ಹೇಳುವುದೆಂದು ಯಾಮಿನಿ ತಡವರಿಸುತ್ತಿದ್ದಾಗ ಅವರೇ ಅಂದರು, "ಕೆಡವಿಸು. ನಮಗೆ ಮಗು ಮುಖ್ಯ."

ಯಂತ್ರ ಬಂದ ದಿನ ಫುಮಿ ಸಾನ್ ಕೋಲೂರಿಕೊಂಡು ಅಂಗಳಕ್ಕೆ ಬಂದರು. ಮನೆಗೆ ಸೊಂಟ ಬಾಗಿಸಿ ನಮಸ್ಕರಿಸಿ, "ಒತ್ಸುಕಾರೆಸಾಮಾ" ಎಂದರು. ದುಡಿದು ದಣಿದವರಿಗೆ ಸಂಜೆ ಹೇಳುವ ಮಾತು ಅದು. ಯಾಮಿನಿ ಅಲ್ಲೇ ಮಣ್ಣಿನಲ್ಲಿ ಕುಸಿದು, ಗಂಡ ಸತ್ತಾಗ ಬಾರದ ಅಳುವನ್ನೆಲ್ಲ ಅತ್ತಳು.

"ನಾನು ವೃದ್ಧಾಶ್ರಮ ನೋಡಿಕೊಳ್ಳುತ್ತೇನೆ" ಎಂದರು ಫುಮಿ ಸಾನ್.

"ಯಾಕೆ? ನಾವಿಲ್ವಾ?" ಜಪಾನಿ ನಾಲಿಗೆಗೆ ಬರದೆ ಯಾಮಿನಿ ಕನ್ನಡದಲ್ಲೇ ಕೇಳಿದಳು. ಅವರಿಗೆ ಅರ್ಥವಾಯಿತು.

ಪಟ್ಟಣದ ಸಣ್ಣ ಫ್ಲ್ಯಾಟಿನಲ್ಲಿ ಮೂವರೂ ಒಂದು ಚಳಿಗಾಲ ಕಳೆದರು. ಅದು ಮುಗಿಯುವ ಮುನ್ನ ಫುಮಿ ಸಾನ್ ನಿದ್ದೆಯಲ್ಲೇ ತೀರಿಕೊಂಡರು.

ದಹನವಾದ ಮೇಲೆ ಮನೆಯವರು ಇಬ್ಬಿಬ್ಬರಾಗಿ, ಉದ್ದ ಕಡ್ಡಿಗಳಿಂದ ಅಸ್ಥಿಯನ್ನು ಎತ್ತಿ ಕುಡಿಕೆಗೆ ಹಾಕುವುದು ಅಲ್ಲಿನ ಪದ್ಧತಿ. "ಮನೆಯವರು ಯಾರು?" ಎಂದು ಅಲ್ಲಿಯ ಸಿಬ್ಬಂದಿಯೊಬ್ಬ ಮೆಲ್ಲಗೆ ಕೇಳಿದ. ಯಾಮಿನಿ ಮುಂದೆ ಬಂದು, ಅನುಗೆ ಹೊರಗಿರಲು ಸನ್ನೆ ಮಾಡಿದಳು.

"ನೋ, ಅಮ್ಮ. ಅಪ್ಪ ಹೋದಾಗ್ಲೂ ನನ್ನ ಬರೋಕೆ ಬಿಡ್ಲಿಲ್ಲ ನೀನು."

ಇಷ್ಟು ದಿನ ಮಗಳನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದಳು ಯಾಮಿನಿ. ಒಂದು ಜೊತೆ ಕಡ್ಡಿಯನ್ನು ಅನುಗೆ ಕೊಟ್ಟಳು. ಇಬ್ಬರೂ ಒಂದೇ ಅಸ್ಥಿಯ ಎರಡು ತುದಿ ಹಿಡಿದು ಎತ್ತಿದರು.

"ನಿಧಾನ ಪುಟ್ಟಾ" ಎಂದಳು ಯಾಮಿನಿ. "ನಾನೂ ಹಿಡ್ಕೊಂಡಿದೀನಿ."