ನಲವತ್ತೊಂಬತ್ತಲ್ಲ, ಐನೂರ ಅರವತ್ತೆರಡು

ಒದ್ದೆ ಹೊದಿಕೆಯನ್ನು ಹಿಂಡಿ, ಕೊಡವಿ, ಹಗ್ಗದ ಮೇಲೆ ಎಸೆದು ಇನ್ನೇನು ಅಂಚು ಸರಿಮಾಡಬೇಕು, ಹಗ್ಗ ಪಟ್ಟಂತ ಕಿತ್ತುಹೋಯಿತು. ಬೆಳಿಗ್ಗೆ ಆರಕ್ಕೆದ್ದು ಒಗೆದ ಹೊದಿಕೆ, ಎರಡು ಅಂಗಿ, ನಮ್ಮ ಅತ್ತೆಯ ಹಳದಿ ಟವೆಲ್ಲು ಎಲ್ಲವೂ ತಾರಸಿಯ ಧೂಳಿನಲ್ಲಿ ಹೊರಳಿದವು.

ಆ ಹಗ್ಗ ಹಿಂದಿನ ದಿನ ತಾನೇ ಕಟ್ಟಿದ್ದು. ಹಳೆಯದು ಜೋತುಬಿದ್ದು ಬಟ್ಟೆಯ ಅಂಚು ನೆಲ ಗುಡಿಸುತ್ತದೆ ಎಂದು ನಾನು ವಾರವಿಡೀ ಗೊಣಗಿದ್ದೆ. ಬೀಗ ರಿಪೇರಿ ಮಾಡುವ ನಮ್ಮ ಯಜಮಾನರು ಅಂಥದ್ದೇ ಹೊಸ ಹಗ್ಗ ತಂದು, ಗೋಡೆಗೆ ಕಾಲು ಕೊಟ್ಟು ಜಗ್ಗಿ, ಕಂಬದಿಂದ ಕಂಬಕ್ಕೆ ಬಿಗಿದಿದ್ದರು. "ಬೆರಳಲ್ಲಿ ಮೀಟಿದರೆ ಟಿಂಗ್ ಅನ್ನುತ್ತೆ, ಕೇಳು" ಎಂದು ಮೀಟಿಯೂ ತೋರಿಸಿದ್ದರು.

"ಟಿಂಗ್ ಅಂತು" ಎಂದರು ಅತ್ತೆ, ನೆರಳಲ್ಲಿ ಹಾಕಿದ್ದ ಕುರ್ಚಿಯಿಂದ.

ಮೆಟ್ಟಿಲ ಬಾಗಿಲ ಹತ್ತಿರ ನೋಟ್‌ಬುಕ್ ಹರಡಿಕೊಂಡು ಕೂತಿದ್ದ ಮಗಳು ತಲೆ ಎತ್ತಲಿಲ್ಲ. ಹತ್ತನೇ ತರಗತಿ. ಮುಂದಿನ ವರ್ಷ ಏನು ಓದುತ್ತೀರಿ ಎಂದು ಕೇಳುವ ಫಾರ್ಮನ್ನು ಮರುದಿನ ಸೋಮವಾರ ಶಾಲೆಗೆ ಕೊಡಬೇಕಿತ್ತು. ಅದರಲ್ಲಿ 'ಭೌತಶಾಸ್ತ್ರ' ಎನ್ನುವ ಚೌಕ ಖಾಲಿ ಬಿಟ್ಟಿದ್ದಳು. ಇಷ್ಟವಿಲ್ಲದೆ ಬಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆ. ಊಟ ಮಾಡುತ್ತಾ ಚಮಚವನ್ನು ಲೋಟದ ಅಂಚಿನಲ್ಲಿ ತೂಗಿಸಿ ನಿಲ್ಲಿಸುವ ಹುಡುಗಿ ಅವಳು.

ವಿಷಯ ಬೇರೆ. ವರ್ಷದ ಶುರುವಿನಲ್ಲಿ ತರಗತಿಯಲ್ಲಿ ಎದ್ದುನಿಂತು, "ಮೇಜಿನ ಮೇಲೆ ಪುಸ್ತಕ ಇಟ್ಟರೆ ಮೇಜು ತಿರುಗಿ ಮೇಲಕ್ಕೆ ತಳ್ಳುತ್ತೆ ಅಂದಿರಿ. ಎಷ್ಟು ತಳ್ಳಬೇಕು ಅಂತ ಮೇಜಿಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದ್ದಳು. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವತ್ತಿನಿಂದ ಗೆಳತಿಯರ ಬಾಯಲ್ಲಿ ಅವಳು 'ಮೇಜಕ್ಕ'. ಮನೆಗೆ ಬಂದು ಹೇಳಿದಾಗ ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಆ ನಗು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಆಮೇಲೆ ಅವಳು ಒಂದೂ ಪ್ರಶ್ನೆ ಕೇಳಲಿಲ್ಲ. ಭಾನುವಾರ ಹತ್ತರಿಂದ ಹನ್ನೊಂದರವರೆಗೆ ಹೋಂವರ್ಕಿನಲ್ಲಿ ಏನೇ ತೊಡಕಿದ್ದರೂ ಫೋನ್ ಮಾಡಿ ಎಂದು ವಿಜ್ಞಾನದ ಮೇಡಂ ನಂಬರ್ ಕೊಟ್ಟಿದ್ದರು. ಎಂಟು ತಿಂಗಳಲ್ಲಿ ಇವಳು ಒಂದು ಸಲವೂ ಮಾಡಿರಲಿಲ್ಲ.

ಹೊದಿಕೆಯನ್ನು ಮತ್ತೆ ಬಕೆಟ್ಟಿಗೆ ತುಂಬುವಾಗ ಅವಳ ನೋಟ್‌ಬುಕ್ಕಿನ ಕಡೆ ಕಣ್ಣು ಹೋಯಿತು. ಎರಡು ಕಂಬ, ನಡುವೆ ಹಗ್ಗ, ಹಗ್ಗದ ಮಧ್ಯದಲ್ಲಿ ತೂಗುವ ಕಲ್ಲು.

"ಇದು ನಮ್ಮ ಹಗ್ಗ ಅಲ್ವೇನೇ?"

"ಲೆಕ್ಕ ಅಮ್ಮ. ಹತ್ತು ಕೆ.ಜಿ. ಕಲ್ಲು. ಹಗ್ಗ ಬರೀ ಐದು ಡಿಗ್ರಿ ಬಾಗಿದೆ. ಹಗ್ಗದಲ್ಲಿ ಎಳೆತ ಎಷ್ಟು ಅಂತ. ಎರಡು ಕಡೆ ಹಂಚಿಕೊಂಡರೆ ಅರ್ಧರ್ಧ, ನಲವತ್ತೊಂಬತ್ತು ನ್ಯೂಟನ್. ಪುಸ್ತಕದ ಹಿಂದೆ ಐನೂರ ಅರವತ್ತೆರಡು ಅಂತಿದೆ." ಪೆನ್ಸಿಲ್ ಕೆಳಗಿಟ್ಟಳು. "ನನಗೆ ಇದೆಲ್ಲ ತಲೆಗೆ ಹತ್ತಲ್ಲ, ಬಿಡು."

ನನಗೂ ಡಿಗ್ರಿ ಗೊತ್ತಿಲ್ಲ, ನ್ಯೂಟನ್ನೂ ಗೊತ್ತಿಲ್ಲ. ಆದರೆ ಜೋತುಬಿದ್ದ ಹಳೇ ಹಗ್ಗ ನಾಲ್ಕು ವರ್ಷ ಇದೇ ಹೊದಿಕೆ ಹೊತ್ತಿತ್ತು, ಬಿಗಿದ ಹೊಸ ಹಗ್ಗ ನಾಲ್ಕು ಗಳಿಗೆಯೂ ಹೊರಲಿಲ್ಲ. ಅದು ನನ್ನ ಕಣ್ಣೆದುರೇ ಇತ್ತು.

"ಎದ್ದೇಳು. ಈ ತುದಿ ಹಿಡ್ಕೊ."

ಕಿತ್ತ ಹಗ್ಗದ ಉದ್ದ ತುಂಡನ್ನು ನೀರಿದ್ದ ಇನ್ನೊಂದು ಬಕೆಟ್ಟಿನ ಹಿಡಿಯೊಳಗೆ ತೂರಿಸಿದೆ. ಇಬ್ಬರೂ ಹತ್ತಿರ ನಿಂತು ಎತ್ತಿದೆವು. ಹಗುರ.

"ಒಂದು ಹೆಜ್ಜೆ ಹಿಂದೆ ಹೋಗು. ಬಕೆಟ್ ಇಳೀಬಾರದು."

ಹೋದಳು. ನಾನೂ ಹೋದೆ. ಹಗ್ಗ ಬಿಗಿಯಾಯಿತು. ಇನ್ನೊಂದು ಹೆಜ್ಜೆ. ಅಂಗೈ ಉರಿಯತೊಡಗಿತು.

"ಅಮ್ಮ, ಬಕೆಟ್ಟೂ ಅದೇ, ನೀರೂ ಅದೇ."

"ಅದೇ ತಾನೇ. ಇನ್ನೊಂದು ಹೆಜ್ಜೆ."

"ಆಗ್ತಿಲ್ಲ, ಕೈ ಕಿತ್ತುಬರುತ್ತೆ."

ಬಕೆಟ್ ಧೊಪ್ಪೆಂದು ಕೂತಿತು. ಅರ್ಧ ನೀರು ನನ್ನ ಕಾಲ ಮೇಲೆ. ಅವಳು ಅಂಗೈಗೆ ಉಫ್ ಎಂದು ಊದಿಕೊಳ್ಳುತ್ತಾ ಬಕೆಟ್ಟನ್ನೇ ನೋಡುತ್ತಿದ್ದಳು. ನಾನು ಸೀರೆಯ ಅಂಚಿನ ನೀರು ಹಿಂಡಿಕೊಂಡೆ. ಅನ್ನಕ್ಕೆ ಕುದಿ ಬರಲು ಬೇಕಾದಂತೆ ಅವಳಿಗೂ ಒಂದಿಷ್ಟು ಹೊತ್ತು ಬೇಕು.

"ನಾವು ಬರೀ ಮೇಲಕ್ಕೆ ಎಳೀತಿರಲಿಲ್ಲ" ಎಂದಳು ನಿಧಾನವಾಗಿ. "ನೀನು ಆ ಕಡೆ, ನಾನು ಈ ಕಡೆ. ಬಕೆಟ್ಟಿಗೆ ಬೇಕಾಗಿದ್ದು ಮೇಲಕ್ಕೆ ಎಳೆಯೋದು ಮಾತ್ರ, ಅದು ನಿಜವಾಗಿ ಅರ್ಧರ್ಧನೇ. ಉಳಿದದ್ದೆಲ್ಲ ನಮ್ಮಿಬ್ಬರ ಜಗಳ."

ಕೂತು ಬರೆದಳು. ಪುಸ್ತಕದ ಹಿಂದಿನ ಸೈನ್ ಕೋಷ್ಟಕ ತೆಗೆದಳು, ಭಾಗಿಸಿದಳು, ಒಮ್ಮೆ ತಪ್ಪಿ ಅಳಿಸಿದಳು. ಕೊನೆಗೆ "ಬಂತು!" ಎಂದು ಕೂಗಿ ನೋಟ್‌ಬುಕ್ಕನ್ನು ನನ್ನ ಮುಖಕ್ಕೇ ಹಿಡಿದಳು. ಐನೂರ ಅರವತ್ತೆರಡು. ಅಳಿಸುವ ರಬ್ಬರು ಎತ್ತಲೋ ಹಾರಿತ್ತು, ಮುಖ ಬೆಳಗುತ್ತಿತ್ತು.

ಆ ಕೂಗಿಗೆ ಯಜಮಾನರು ಬೀಗದ ಕೈ ಉಜ್ಜುವ ಅರ ಹಿಡಿದುಕೊಂಡೇ ಮೇಲೆ ಬಂದರು. ನೆಲದಲ್ಲಿದ್ದ ಹಗ್ಗ ನೋಡಿ, "ಅಂಗಡಿಯವನು ಟೋಪಿ ಹಾಕಿದ" ಎಂದರು.

"ಇಲ್ಲ ಅಪ್ಪ. ನೀನು ಜಾಸ್ತಿ ಬಿಗಿದೆ."

"ಬಿಗಿದರೆ ಗಟ್ಟಿಯಾಗುತ್ತೆ ಕಣೇ. ನಾನು ಎಳೆದು ನೆಟ್ಟಗೆ ನಿಲ್ಲಿಸ್ತೀನಿ, ನೋಡ್ತಿರು."

ಒಂದು ತುದಿ ಕಂಬಕ್ಕೆ ಕಟ್ಟಿ, ಬಕೆಟ್ ನೇತುಬಿಟ್ಟು, ಇನ್ನೊಂದು ತುದಿ ಹಿಡಿದು ಎಳೆದರು. ಒಂದು ಮೊಳ ಬಾಗಿದ್ದದ್ದು ಒಂದು ಗೇಣಿಗೆ ಬಂತು. ಮತ್ತೆ ಜಗ್ಗಿದರು. ಹಗ್ಗದ ಬದಲು ಅವರ ಚಪ್ಪಲಿಯೇ ಒದ್ದೆ ನೆಲದಲ್ಲಿ ಮುಂದಕ್ಕೆ ಜಾರಿತು.

"ಅಮ್ಮ, ನಿನ್ನ ಮಗ ಬರ್ತಿದ್ದಾನೆ, ಕಾಲು ಎತ್ಕೊ" ಎಂದರು ತಮ್ಮ ತಾಯಿಗೆ.

"ಅಷ್ಟು ಜಗ್ಗಬೇಡವೋ" ಎಂದರು ಅತ್ತೆ. "ಸೊಸೆ ಹತ್ತಿರ ಮಾತಾಡುವಾಗಲೂ ಅದನ್ನೇ ಹೇಳಿದ್ದೆ ನಿನಗೆ."

ನನಗೆ ನಗು ತಡೆಯಲಾಗಲಿಲ್ಲ. ಮಗಳಂತೂ ಗೋಡೆಗೆ ಒರಗಿ ನಕ್ಕಳು. ಯಜಮಾನರು ಸೋಲೊಪ್ಪದೆ ಬಕೆಟ್ ತೆಗೆಸಿ ಬರೀ ಹಗ್ಗ ಎಳೆದರು. "ಈಗ ಹೇಳು. ಗೆರೆ ಕೊರೆದ ಹಾಗಿದೆ."

ಅವಳು ಕಂಬದ ಬಳಿ ಒಂದು ಕಣ್ಣು ಮುಚ್ಚಿ ಹಗ್ಗದುದ್ದಕ್ಕೂ ನೋಡಿದಳು. ನಗು ನಿಂತಿತು.

"ಇನ್ನೂ ಹೊಟ್ಟೆ ಬಿಟ್ಟಿದೆ ಅಪ್ಪ. ಒಂಚೂರು."

"ಎಲ್ಲಿ?" ಅವರು ಇನ್ನಷ್ಟು ಎಳೆದರು.

"ಇನ್ನೂ ಇದೆ. ಕಡಿಮೆ ಆಗುತ್ತೆ, ಹೋಗಲ್ಲ." ನನ್ನ ಕಡೆ ತಿರುಗಿದಳು. "ಅಮ್ಮ, ಯಾಕೆ ಹೋಗಲ್ಲ? ಅದರಲ್ಲಿ ಏನೂ ನೇತು ಹಾಕಿಲ್ಲವಲ್ಲ."

"ನನಗೆ ಗೊತ್ತಿಲ್ಲ ಕಂದ."

ಮೆಟ್ಟಿಲ ಬಾಗಿಲಿನಿಂದ ಒಳಗಿನ ಗಡಿಯಾರ ಕಾಣುತ್ತಿತ್ತು. ಹನ್ನೊಂದಕ್ಕೆ ಎಂಟು ನಿಮಿಷ. ಅವಳೂ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಫೋನನ್ನು ಅವಳ ಕಡೆ ಚಾಚಿದೆ.

"ನೀನೇ ಕೇಳಮ್ಮ."

"ಏನಂತ ಕೇಳಲಿ? ನನಗೆ ಅಂಗೈ ಉರಿ ಮಾತ್ರ ಗೊತ್ತು. ಹೊಟ್ಟೆ ಕಂಡದ್ದು ನೀನು."

"ನಕ್ಕರೆ?"

"ನಕ್ಕರೆ ನಗಲಿ. ನಿಮ್ಮಪ್ಪ ಚಪ್ಪಲಿ ಸಮೇತ ಜಾರಿದರು, ನಾವೆಲ್ಲ ನಕ್ಕೆವು. ಅವರು ಹಗ್ಗ ಬಿಟ್ಟರಾ ನೋಡು."

ಅವರು ಬಿಟ್ಟಿರಲಿಲ್ಲ. ಕೆಂಪು ಮುಖ ಮಾಡಿಕೊಂಡು ಇನ್ನೂ ಎಳೆದು ಹಿಡಿದೇ ಇದ್ದರು. "ಬೇಗ ಕೇಳು ಮಗಳೇ" ಎಂದರು, "ನನ್ನ ತೋಳು ಹೋಗ್ತಿದೆ."

ಅವಳು ನಂಬರ್ ಒತ್ತಿ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅತ್ತೆ ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು. ನಾಲ್ಕನೇ ರಿಂಗಿಗೆ ಆ ಕಡೆಯಿಂದ, "ಹೇಳಿ, ಯಾರು?" ಎಂಬ ದನಿ. "ಹಲೋ? ಇನ್ನೂ ಐದು ನಿಮಿಷ ಇದೆ, ಗಾಬರಿ ಬೇಡ" ಎಂದರು ಮೇಡಂ.

ಅವಳು ಹಗ್ಗದ ಕಡೆ ಇನ್ನೊಮ್ಮೆ ಕಣ್ಣು ಕಿರಿದು ಮಾಡಿ ನೋಡಿದಳು.

"ಮೇಡಂ, ಒಂದು ಹಗ್ಗದಲ್ಲಿ ಏನೂ ನೇತು ಹಾಕದೇ ಇದ್ದರೂ, ಎಷ್ಟೇ ಜೋರಾಗಿ ಎಳೆದರೂ, ಅದು ಪೂರ್ತಿ ನೆಟ್ಟಗಾಗಲ್ಲ. ಹಾಗಿದ್ದರೆ, ಅದನ್ನ ಕೆಳಕ್ಕೆ ಎಳೀತಿರೋದು ಹಗ್ಗದ ಸ್ವಂತ ಭಾರನಾ?"