ಖಾಲಿ ಮರಳಬಾರದ ಡಬ್ಬಿ

ನಾನು ಒಂದು ಬುತ್ತಿ ಡಬ್ಬಿ. ಯಾವ ಕಾರ್ಖಾನೆಯಲ್ಲಿ ಹುಟ್ಟಿದೆನೋ ಗೊತ್ತಿಲ್ಲ. ಹುಟ್ಟುವಾಗ ನೆತ್ತಿಯ ಮೇಲೆ ಬಿದ್ದ ಯಂತ್ರದ ಪೆಟ್ಟು ಮಾತ್ರ ಚೆನ್ನಾಗಿ ನೆನಪಿದೆ. ಬುದ್ಧಿ ಬಂದದ್ದು ಧಾರವಾಡದ ಒಂದು ಪಾತ್ರೆ ಅಂಗಡಿಯಲ್ಲಿ. ಹೆಬ್ಬಳ್ಳಿಯ ಬಸಲಿಂಗವ್ವ ಅಲ್ಲಿಗೆ ಬಂದು, ಹತ್ತು ಡಬ್ಬಿಗಳ ಮುಚ್ಚಳ ತೆಗೆದು ಹಾಕಿ, ಅಂಗಡಿಯವನ ತಾಳ್ಮೆ ಮುಗಿಸಿ, ಕೊನೆಗೆ ನನ್ನನ್ನು ಆರಿಸಿದಳು. ಜೋಳದ ರೊಟ್ಟಿ ಮುರಿಯದೆ ಹಿಡಿಸುವಷ್ಟು ಅಗಲವಿದ್ದದ್ದು ನಾನೊಂದೇ. ಮೈಮೇಲೆ ಮಗಳ ಹೆಸರು ಕೊರೆಸಿದಳು: ದಾಕ್ಷಾಯಣಿ, ಹೆಬ್ಬಳ್ಳಿ. ನನಗೆ ಕಚಗುಳಿಯಾಯಿತು.

ನಮ್ಮ ಕಡೆ, ಧಾರವಾಡದಲ್ಲಿ ಓದುವ ಮಕ್ಕಳಿಗೆ ಊರಿನ ಬುತ್ತಿ ಬಸ್ಸಿನಲ್ಲೇ ಹೋಗುತ್ತದೆ. ಬೆಳಗಿನ ಬಸ್ಸಿನ ಡ್ರೈವರ್ ಮಾಬುಸಾಬ ನಮ್ಮನ್ನೆಲ್ಲ ತನ್ನ ಸೀಟಿನ ಪಕ್ಕ ಒಟ್ಟಿಕೊಳ್ಳುತ್ತಿದ್ದ. ಉಂಡು ತೊಳೆದ ಡಬ್ಬಿಗಳು ಸಂಜೆ ಅದೇ ಬಸ್ಸಿನಲ್ಲಿ ಊರಿಗೆ ಮರಳುತ್ತಿದ್ದವು. ಬಸಲಿಂಗವ್ವನದು ಒಂದೇ ಕಟ್ಟಳೆ: ಡಬ್ಬಿ ಖಾಲಿ ಬರಬಾರದು. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಇರಬೇಕು. ಮಗಳೋ ಮಹಾ ತುಂಟಿ. ಒಂದು ದಿನ ಪೇರಲಹಣ್ಣು, ಇನ್ನೊಂದು ದಿನ ಹಾಸ್ಟೆಲಿನ ಕಲ್ಲಿನಂಥ ಇಡ್ಲಿ, ಒಮ್ಮೆಯಂತೂ ತಾನು ಕತ್ತರಿಸಿಕೊಂಡ ಜಡೆಯ ತುದಿ! ಬಸಲಿಂಗವ್ವ ಎದೆ ಬಡಿದುಕೊಂಡು, ಆಮೇಲೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಹೆಚ್ಚಾಗಿ ಸಕ್ಕರೆಯೇ ಬರುತ್ತಿತ್ತು. ನಿಂತಲ್ಲೇ ಅದನ್ನು ಬಾಯಿಗೆ ಹಾಕಿಕೊಂಡು, ಮಗಳು ಸುಖವಾಗಿದ್ದಾಳೆ ಎಂದು ಗಂಡನಿಗೆ ವರದಿ ಕೊಡುತ್ತಿದ್ದಳು.

ಓದು ಮುಗಿದ ಮೇಲೆ ದಾಕ್ಷಾಯಣಿಗೆ ಧಾರವಾಡದಲ್ಲೇ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸವಾಯಿತು. ಗಿರೀಶ ಎಂಬವನ ಪರಿಚಯವೂ ಆಯಿತು. ನೋಡಲು ಚೆಂದ, ಮಾತು ಬೆಣ್ಣೆ, ಕೆಲಸ ಮಾತ್ರ ಮೂರು ತಿಂಗಳಿಗೊಂದು. ಊರಿಗೆ ಬಂದ ಮೊದಲ ದಿನವೇ ಚಹಾ ತಣ್ಣಗಿದೆಯೆಂದು ಎಲ್ಲರೆದುರು ಅವಳನ್ನು ಗದರಿಸಿದ. ಈ ಹುಡುಗ ಬೇಡ ಎಂದು ಬಸಲಿಂಗವ್ವ ಅಂದೇ ಹೇಳಿದಳು. ಇಪ್ಪತ್ತೇಳು ವರ್ಷದ ಮಗಳು ಯಾರ ಮಾತು ಕೇಳುತ್ತಾಳೆ? ರಿಜಿಸ್ಟರ್ ಮದುವೆ ಮಾಡಿಕೊಂಡು ಧಾರವಾಡದಲ್ಲೇ ಮನೆ ಹೂಡಿದಳು. ಊರಲ್ಲಿ ದರ್ಜಿಯಾಗಿದ್ದ ಅಪ್ಪ ಈರಪ್ಪ, ಇನ್ನು ಅವಳ ಹೆಸರೆತ್ತಬೇಡಿ ಎಂದುಬಿಟ್ಟ. ನಾನು ಆರು ತಿಂಗಳು ಅಟ್ಟದ ಮೇಲೆ ಬೋರಲು ಬಿದ್ದಿದ್ದೆ. ಏಳನೆಯ ತಿಂಗಳು ಬಸಲಿಂಗವ್ವ ಯಾರನ್ನೂ ಕೇಳದೆ ನನ್ನನ್ನು ಇಳಿಸಿ ಬೂದಿ ಹಾಕಿ ತಿಕ್ಕಿದಳು.

ಮತ್ತೆ ಬಸ್ಸು, ಮತ್ತೆ ಮಾಬುಸಾಬ. ಸಕ್ಕರೆ ಬರುತ್ತಿತ್ತು, ಆದರೆ ದಿನದಿನಕ್ಕೆ ಕಡಿಮೆ. ಗಿರೀಶ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ. ಅವಳ ಫೋನು ಕಸಿದುಕೊಂಡಿದ್ದ. ಚೀಲ ಹಿಡಿದು ಹೊರಟರೆ ಸಾಕು, ಬಿಚ್ಚಿ ತೋರಿಸು ಎನ್ನುತ್ತಿದ್ದ. ಡಬ್ಬಿ ಕೊಡಲು ಬಸ್ಸಿಗೆ ಬಂದ ದಾಕ್ಷಾಯಣಿಯ ಕಣ್ಣು ಬಾತಿತ್ತೆಂದು ಮಾಬುಸಾಬ ಹೇಳಿದ ದಿನ ಬಸಲಿಂಗವ್ವನಿಗೆ ತಡೆಯಲಾಗಲಿಲ್ಲ. 'ಅವನ್ನ ಬಿಟ್ಟು ಬಾ' ಎಂದು ಚೀಟಿ ಬರೆದು ರೊಟ್ಟಿಯ ಕೆಳಗಿಟ್ಟಳು. ಆ ಮನೆಯಲ್ಲಿ ನನ್ನ ಮುಚ್ಚಳವನ್ನು ಮೊದಲು ತೆಗೆಯುವವನು ಅವನೇ ಎಂಬುದು ನನಗೆ ಗೊತ್ತಿತ್ತು. ಆದರೆ ಡಬ್ಬಿಯ ಮಾತು ಯಾರಿಗೆ ಕೇಳುತ್ತದೆ?

ಅವನು ಚೀಟಿ ಓದಿ ನನ್ನನ್ನು ಗೋಡೆಗೆಸೆದ. ಅಂಚು ನೆಗ್ಗಿತು. ನನ್ನ ನೋವು ಬಿಡಿ. ಅಂದು ಅವಳಿಗೆ ಬಿದ್ದ ಪೆಟ್ಟನ್ನು ನಾನು ಹೇಳಲಾರೆ. ಮರುದಿನ ಸಂಜೆ ಮೊದಲ ಬಾರಿಗೆ ಖಾಲಿಯಾಗಿ ಊರಿಗೆ ಬಂದೆ. ಬಸಲಿಂಗವ್ವ ಒಳಗೆ ಕೈಯಾಡಿಸಿದಳು. ಮತ್ತೊಮ್ಮೆ ಆಡಿಸಿದಳು. ನನ್ನನ್ನು ಮಡಿಲಲ್ಲಿಟ್ಟುಕೊಂಡು, ತಪ್ಪು ನನ್ನದೇ ಎಂದು ಅತ್ತಳು.

ನಾಲ್ಕು ಜನರನ್ನು ಕರೆದುಕೊಂಡು ಹೋಗಿ ಮಗಳನ್ನು ಎಳೆದು ತರುತ್ತೇನೆಂದು ಈರಪ್ಪ ಎದ್ದು ನಿಂತ.

"ನೀವು ಎಳಕೊಂಡು ಬಂದ್ರ ಆಕಿ ಮತ್ತ ಹೋಕ್ಕಾಳ," ಎಂದಳು ಬಸಲಿಂಗವ್ವ. "ತಾನಾ ಬರಬೇಕು. ಅಲ್ಲೀ ಮಟಾ ದಾರಿ ಮುಚ್ಚಬಾರದು."

ಬೆಳಗ್ಗೆ ಎಂದಿನಂತೆ ಇಬ್ಬರಿಗಾಗುವಷ್ಟು ರೊಟ್ಟಿ, ಗಿರೀಶನಿಗೆ ಇಷ್ಟವಾದ ಎಣ್ಣೆಗಾಯಿ ತುಂಬಿದಳು. ಈರಪ್ಪ ಹಲ್ಲು ಕಡಿದ.

"ಅವಂಗೂ ಕಟ್ಟಾಕತ್ತಿಯೇನ?"

"ಇಬ್ಬರಿಗೆ ಕಟ್ಟಿದ್ರ ಡಬ್ಬಿ ಹೊಸ್ತಿಲ ದಾಟತೈತಿ. ಆಕಿ ಒಬ್ಬಾಕಿಗೆ ಕಟ್ಟಿದ್ರ ಹೊರಗಿಂದನ ವಾಪಸ್ ಬರತೈತಿ."

ನಲವತ್ತು ದಿನ ಖಾಲಿ ಬಂದೆ. ಪ್ರತಿ ಬೆಳಗ್ಗೆ ಬಸಲಿಂಗವ್ವನ ಕೈ ಚೀಟಿ ಬರೆಯಲು ಪೆನ್ಸಿಲಿನ ಕಡೆ ಹೋಗುತ್ತಿತ್ತು. ಆಗ ಸಕ್ಕರೆ ಡಬ್ಬಕ್ಕೆ ಕೈಹಾಕಿ ಒಂದು ಚಿಟಿಕೆ ಬಾಯಿಗೆಸೆದುಕೊಂಡು, ಬರೆಯದೆ ಮುಚ್ಚಳ ಒತ್ತುತ್ತಿದ್ದಳು.

ನಲವತ್ತೊಂದನೆಯ ದಿನ ನನ್ನೊಳಗೆ ಮಗಳ ಬೆಂಡೋಲೆ ಬಂತು. ಎರಡು ದಿನ ಬಿಟ್ಟು ಮಡಿಸಿದ ಅಂಕಪಟ್ಟಿ. ಆಮೇಲೆ ಕೆಲಸದ ಪ್ರಮಾಣಪತ್ರ, ಚಿಕ್ಕಂದಿನ ಫೋಟೊ, ಅಪ್ಪ ಹೊಲಿದುಕೊಟ್ಟ ರೇಷ್ಮೆ ಕುಪ್ಪಸ. ಚೀಲವನ್ನೆಲ್ಲ ಜಾಲಾಡುವ ಗಂಡಸು ಉಂಡುಬಿಟ್ಟ ಡಬ್ಬಿಯ ಕಡೆ ನೋಡುತ್ತಾನೆಯೇ? ಬಸಲಿಂಗವ್ವ ಒಂದೊಂದನ್ನೂ ಟ್ರಂಕಿನಲ್ಲಿಟ್ಟಳು. ಯಾರಿಗೂ ಹೇಳಲಿಲ್ಲ. ಮಗಳಿಗೂ ಏನೂ ಕೇಳಿ ಕಳಿಸಲಿಲ್ಲ. ರೊಟ್ಟಿ ಮಾತ್ರ ಕಳಿಸಿದಳು.

ಒಂದು ಶುಕ್ರವಾರ ಸಂಜೆ ಬಸ್ಸು ಬಂದಾಗ ಡ್ರೈವರ್ ಸೀಟಿನ ಪಕ್ಕ ನಾನಿರಲಿಲ್ಲ. ಬಸಲಿಂಗವ್ವನ ಮುಖ ಬಿಳಿಚಿಕೊಂಡದ್ದು ಹಿಂದಿನ ಕಿಟಕಿಯಿಂದ ನನಗೆ ಕಾಣಿಸಿತು. ಮಾಬುಸಾಬ ಎಂಜಿನ್ ಆರಿಸಿದ.

"ಇವತ್ತ ಡಬ್ಬಿ ಒಡತಿನ್ನ ಕರಕೊಂಡ ಬಂದೀನ್ರಿ, ಅಕ್ಕಾರ."

ನನ್ನನ್ನು ಎದೆಗವಚಿಕೊಂಡು ದಾಕ್ಷಾಯಣಿ ಇಳಿದಳು. ಬೇರೆ ಏನೂ ತಂದಿರಲಿಲ್ಲ. ಬಸಲಿಂಗವ್ವ ಹೋದದ್ದು, ಬಂದದ್ದು ಒಂದೂ ಕೇಳಲಿಲ್ಲ. ಕೈಚಾಚಿ ನನ್ನ ಮುಚ್ಚಳ ತೆಗೆದಳು. ತಳದಲ್ಲಿ ಒಂದು ಹಿಡಿ ಸಕ್ಕರೆಯಿತ್ತು.

"ಖಾಲಿ ತರಬಾರದಂತ ಹೇಳಿದ್ಯಲ್ಲಬೇ," ಎಂದಳು ಮಗಳು. ತಾಯಿ ಅರ್ಧ ಅವಳ ಬಾಯಿಗೆ ಹಾಕಿ, ಉಳಿದರ್ಧ ತಾನು ತಿಂದಳು. ಮನೆಯ ಬಾಗಿಲಲ್ಲಿ ಈರಪ್ಪ ಮಗಳ ಕಾಲಿಗೆ ನೀರು ಕೊಟ್ಟ.

ಈಗ ನನಗೆ ವಯಸ್ಸಾಗಿದೆ. ನೆಗ್ಗಿದ ಅಂಚಿಗೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯಾಗಿ, ಇರುವೆಗಳ ಕಾಟದಲ್ಲಿ ಕಾಲ ಕಳೆಯುತ್ತಿದ್ದೇನೆ. ದಾಕ್ಷಾಯಣಿ ಹೊಸ ಡಬ್ಬಿ ಹಿಡಿದು ಹುಬ್ಬಳ್ಳಿಗೆ ಕೆಲಸಕ್ಕೆ ಹೋಗುತ್ತಾಳೆ. ಗಿರೀಶ ಆಗಾಗ ಫೋನು ಮಾಡಿ ಅಳುತ್ತಾನೆ. ಪಾಪ, ಬದಲಾಗಿರಬಹುದೇನೋ ಎಂದು ಇವಳು ಒಮ್ಮೊಮ್ಮೆ ಹೇಳುವುದೂ ಉಂಟು. ಆಗ ಬಸಲಿಂಗವ್ವ ಬೈಯಲು ಬಾಯಿ ತೆರೆಯುತ್ತಾಳೆ. ಅಷ್ಟರಲ್ಲಿ ಅವಳ ಕೈ ತಾನಾಗಿ ನನ್ನ ಬಳಿ ಬರುತ್ತದೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಅದು ಕರಗುವವರೆಗೆ ಸುಮ್ಮನೆ ಮಗಳ ಮಾತು ಕೇಳುತ್ತಾಳೆ.