ಅಕ್ಕನ ಮಾತ್ರೆ, ಅಕ್ಕನ ಲೋಟ

ಮೂರು ಲೋಟ ತೊಳೆದು ಬೋರಲು ಹಾಕಿದೆ. ನಾಲ್ಕನೆಯದು ಅಕ್ಕನದು. ಅದು ಬೆರೆತುಹೋಗದಿರಲಿ ಎಂದು ಅತ್ತಿಗೆ ತಳಕ್ಕೆ ಕೆಂಪು ಉಗುರುಬಣ್ಣ ಹಚ್ಚಿದ್ದರು. ಅದನ್ನು ಬ್ಲೇಡಿನಿಂದ ಸದ್ದಿಲ್ಲದೆ ಕೆರೆದು ತೆಗೆದೆ. ಉಳಿದ ಮೂರರ ಜೊತೆ ಸೇರಿಸಿಟ್ಟೆ.

ಅಕ್ಕನಿಗೆ ಎಚ್‌ಐವಿ ಇದೆ. ಏಳು ವರ್ಷದಿಂದ ಒಂದು ದಿನವೂ ಮಾತ್ರೆ ತಪ್ಪಿಸಿರಲಿಲ್ಲ. ಹೋದ ವಾರ ಬಂದ ರಿಪೋರ್ಟಿನಲ್ಲಿ ರಕ್ತದಲ್ಲಿ ವೈರಸ್ ಕಾಣುತ್ತಿಲ್ಲ ಎಂದಿತ್ತು. ಅಣ್ಣ ಹಿರಿಹಿರಿ ಹಿಗ್ಗಿ ಮಾತ್ರೆ ಡಬ್ಬಿಯನ್ನು ಅಟ್ಟಕ್ಕೆ ಎಸೆದ. ಐದು ದಿನವಾಯಿತು. ಅಕ್ಕನಿಗೆ ಮಾತ್ರೆ ಕೊಡುವ ಆಸ್ಪತ್ರೆಯ ನರ್ಸಿಗೆ ನಾನೇ ಹೇಳಿಕಳುಹಿಸಿದೆ. ಇವತ್ತು ಅವರು ಮನೆಗೇ ಬಂದರು.

“ರೋಗಾನೇ ಹೋದ್ಮೇಲೆ ಮಾತ್ರೆ ಯಾಕೆ ಸಿಸ್ಟರ್? ಬಸ್ಸಿಳಿದ ಮೇಲೂ ಟಿಕೆಟ್ ತಗೋತಾರಾ?” ಎಂದ ಅಣ್ಣ.

“ಯಾರ್ರೀ ಇಳಿದಿದ್ದು? ಒಳಗೇ ನಿದ್ದೆ ಹೊಡೀತಿದೆ. ನೀವು ಗಾರ್ಮೆಂಟ್ಸಲ್ಲಿ ಶರ್ಟು ಪ್ಯಾಕ್ ಮಾಡೋರಲ್ವಾ? ಸಾವಿರ ಶರ್ಟಿನ ಮೂಟೇಲಿ ಒಂದರ ಕಾಲರಲ್ಲಿ ಮುರಿದ ಸೂಜಿ ಇದ್ರೆ, ಮೂಟೆ ತಡವಿದ್ರೆ ಸಿಗುತ್ತಾ?”

“ಎಲ್ಲಿ ಸಿಗುತ್ತೆ? ಒಂದೊಂದೇ ಬಿಚ್ಚಿ ನೋಡ್ಬೇಕು.”

“ಇದೂ ಹಾಗೇ. ರೋಗದ ವಿರುದ್ಧ ಹೋರಾಡೋ ಜೀವಕೋಶಗಳಿವೆಯಲ್ಲ, ಅದರಲ್ಲೇ ಕೆಲವುಗಳೊಳಗೆ ವೈರಸ್ ಅಡಗಿರುತ್ತೆ. ನಮ್ಮ ರಿಪೋರ್ಟು ರಕ್ತದಲ್ಲಿ ಓಡಾಡೋ ವೈರಸ್ ಮಾತ್ರ ಅಳೆಯುತ್ತೆ. ಅಡಗಿರೋದನ್ನ ಹುಡುಕೋಕೆ ವಿಜ್ಞಾನಿಗಳು ಈಗ ಒಂದೊಂದೇ ಕೋಶ ಬಿಡಿಸಿ ನೋಡ್ತಿದ್ದಾರೆ. ಪೂರ್ತಿ ಕಿತ್ತುಹಾಕೋ ಔಷಧಿ ಇನ್ನೂ ಕೈಗೆ ಬಂದಿಲ್ಲ. ಮಾತ್ರೆ ನಿಲ್ಸಿದ್ರೆ ಕೆಲವೇ ವಾರದಲ್ಲಿ ಎದ್ದು ಕೂರುತ್ತೆ!”

ಅಣ್ಣನ ಮುಖ ಸಪ್ಪಗಾಯಿತು. ಸ್ಟೂಲು ಹತ್ತಿ ಡಬ್ಬಿ ಇಳಿಸಿದ.

“ಈಗಲೇ ಒಂದು ನುಂಗಮ್ಮ. ನಾಳೆ ಡಾಕ್ಟರ ಹತ್ರ ಬಾ” ಎಂದರು ನರ್ಸ್ ಅಕ್ಕನಿಗೆ.

ನೀರು ತರಲು ಎದ್ದ ಅತ್ತಿಗೆ ಲೋಟಗಳ ಮುಂದೆ ನಿಂತುಬಿಟ್ಟರು. “ಇದರಲ್ಲಿ ಅವಳದ್ಯಾವುದೇ?”

ನಾನು ಅವರತ್ತ ತಿರುಗಿ ನಿಂತೆ.

“ಮಾತ್ರೆ ನಿಲ್ಸೋಕೆ ರೋಗ ಹೋಗಿತ್ತು. ಲೋಟ ಬೇರೆ ಇಡೋಕೆ ಮಾತ್ರ ಇತ್ತಾ ಅತ್ತಿಗೆ?”

“ಅಬ್ಬಾ, ಬಾಯಿಲ್ಲದೋಳಿಗೂ ಬಾಯಿ ಬಂತು!” ಎಂದ ಅಣ್ಣ.

ನರ್ಸ್ ನಗಲಿಲ್ಲ. “ಲೋಟದಿಂದ ಇದು ಯಾವತ್ತೂ ಹರಡಲ್ಲ. ಏಳು ವರ್ಷದಿಂದ ಬಡ್ಕೋತಿದೀನಿ.”

ಓದುತ್ತಿರುವವರೇ, ಅಕ್ಕನ ರಿಪೋರ್ಟ್ ಚೆನ್ನಾಗಿ ಬಂದಿದ್ದೇ ಮಾತ್ರೆಯಿಂದ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ನಿಮ್ಮ ಮನೆಯವರ ಮಾತ್ರೆಯನ್ನು ಅಟ್ಟಕ್ಕೆ ಎಸೆಯಲು ನೀವು ಯಾರು? ಅಡಗಿರುವ ವೈರಸ್ಸನ್ನು ಹುಡುಕುವವರು ಹುಡುಕುತ್ತಿದ್ದಾರೆ. ನೀವು ಲೋಟಕ್ಕೆ ಬಣ್ಣ ಹಚ್ಚುತ್ತ ಕೂರಬೇಡಿ.

ನಾಲ್ಕೂ ಲೋಟಗಳಿಗೆ ನಾನೇ ನೀರು ತುಂಬಿದೆ. ಅಕ್ಕ ಒಂದನ್ನು ಎತ್ತಿಕೊಂಡು ಮಾತ್ರೆ ನುಂಗಿದಳು. ಉಳಿದ ಮೂರನ್ನು ತಟ್ಟೆಯಲ್ಲಿಟ್ಟು ಅತ್ತಿಗೆಯ ಮುಂದೆ ಹಿಡಿದೆ. ಅವರು ಅಣ್ಣನ ಮುಖ ನೋಡಿದರು. ಅಣ್ಣ ನೆಲ ನೋಡಿದ.

“ಅತ್ತಿಗೆ, ಯಾವುದಾದ್ರೂ ಒಂದು ತಗೊಂಡು ಕುಡೀರಿ.”